ಮಂಗ್ಯಾಗ ಬಾಳೆಹಣ್ಣು, ಕಬ್ಬಿನ ಹೊಲದಾಗ ಮರಿ: ಓದುಗರು ಕೇಳ್ಯಾರ

ಪ್ರಶ್ನೆ: ಅಕ್ಕಾರ, ಶನಿವಾರಕ್ಕೊಮ್ಮೆ ಬನಶಂಕರಿಗೆ ಹೋಗೋ ರೂಢಿ ಐತಿ ನಂದು. ಬದಾಮಿ ಸಮೀಪ ರೋಡಿನ ಬಾಜೂ ಮಂಗ್ಯಾ ಕುಂತಿರ್ತಾವು, ಗಾಡಿ ಸ್ಲೋ ಮಾಡಿ ಒಂದ್ ಡಜನ್ ಬಾಳೆಹಣ್ಣು ಕೊಟ್ಟು ಹೋಗ್ತೀನಿ, ಮಾರುತಿ ವಾರ ಅಲ್ರೀ. ಈಗ ಕಾಲೇಜಿಗೆ ಹೋಗೋ ಮಗಳು "ಪಪ್ಪಾ, ನೀ ಅವನ್ನ ಸಾಯ್ಸಾಕತ್ತಿ" ಅಂತ ಜಗಳಾ ತಗದಾಳ. ಹಸದ ಜೀವಕ್ಕ ತಿನ್ನಾಕ ಕೊಟ್ರ ತಪ್ಪೇನ್ರೀ?
(ಬಾಗಲಕೋಟಿ ಓದುಗರು)

ಉತ್ತರ: ಅಣ್ಣಾರ, ಮಗಳ ಮಾತು ಖಾರ ಐತಿ, ಆದ್ರ ಖರೆ ಐತಿ. ಹಣ್ಣಿಗಿಂತ ನೀವು ಕೊಡೋ ಜಾಗಾನ ಕೆಟ್ಟದ್ದು. ಗಾಡಿ ಸ್ಲೋ ಆತು, ಕಿಡಕಿ ಇಳೀತು, ಹಣ್ಣು ಬಂತು, ಇಷ್ಟ ನೋಡಿದ ಮಂಗ್ಯಾ ಮರುದಿನ ಎಲ್ಲಾ ಗಾಡಿಗೂ ಎದುರ ಬರ್ತೈತಿ, ಹಿಂದ ಬರೋ ಟಿಪ್ಪರ್‌ನಾಂವ ಬಾಳೆಹಣ್ಣು ತಂದಿರಂಗಿಲ್ಲ, ಅಂವಗ ಬ್ರೇಕ್ ಹಾಕಾಕೂ ಟೈಮ್ ಸಿಗಂಗಿಲ್ಲ. ಅದರಾಗ ತಾಯಿ ಮಂಗ್ಯಾ ಇದ್ರ ಹೊಟ್ಟಿಗೆ ಕಚ್ಚಿಕೊಂಡ ಮರೀನೂ ಹೋಗ್ತೈತಿ.

ಇನ್ನ ಹಸಿವಿನ ಮಾತು. ನಮ್ಮ ಕಡೆ ಕಾಣೋ ಈ ಕೆಂಪು ಮುಖದ, ತಲೀ ಮ್ಯಾಲೆ ಟೋಪಿ ಹಂಗ ಕೂದಲ ಇರೋ ಮಂಗ್ಯಾ ದಕ್ಷಿಣ ಭಾರತ ಬಿಟ್ರ ಜಗತ್ತಿನಾಗ ಬ್ಯಾರೆ ಎಲ್ಲೂ ಇಲ್ಲ. ಅತ್ತಿ, ಆಲ, ಅರಳಿ ಹಣ್ಣು, ಹುಣಸಿ ಚಿಗುರು, ಹುಳಾ ಹುಪ್ಪಡಿ ಹುಡಿಕ್ಕೊಂಡು ದಿನಾ ಪೂರ್ತಿ ತಿರಗೋದ ಅದರ ಕೆಲಸ. ಒಂದ ಜಾಗಾದಾಗ ಪುಕ್ಕಟೆ ಊಟ ಸಿಕ್ಕಿತಂದ್ರ ತಿರಗಾಟ ಬಂದ್, ಜಗಳಾ ಚಾಲೂ. ದೊಡ್ಡ ಗಂಡು ಮಂಗ್ಯಾ ನಿಮ್ಮ ಡಜನ್‌ನಾಗ ಅರ್ಧಾ ಗಲ್ಲದ ಚೀಲದಾಗ ತುಂಬಿಕೊಂಡು ಹೋಗ್ತೈತಿ, ಮುದಿ ಮಂಗ್ಯಾ, ಕುಂಟು ಮಂಗ್ಯಾ ನೋಡಕೋತ ಕುಂದರ್ತಾವು, ಅಂದ್ರ ಖರೇನ ಹಸದದ್ದಕ್ಕ ನಿಮ್ಮ ಹಣ್ಣು ಮುಟ್ಟೂದ ಇಲ್ಲ. ಬದಾಮಿ ಗುಹಾ ಗುಡಿ, ಅಂದ್ರ ಮೇಣಬಸದಿ ಮೆಟ್ಟಲಾ ಹತ್ತುವಾಗ ಚೀಲಾ ಕಸಗೊಳ್ಳೋ ಮಂಗ್ಯಾಗಳಿಗೆ ಆ ಚಟಾ ಹಚ್ಚಿದವರೂ ಕೈಯಾರೆ ಕೊಟ್ಟ ಮಂದೀನ. ಆಮ್ಯಾಲೆ ಪರಚಿದ್ರ "ಮಂಗ್ಯಾ ಹಿಡೀರಿ" ಅಂತ ಅರ್ಜಿ ಕೊಡಾವ್ರೂ ನಾವ. ಅಂದಂಗ ಪರಚಿದ್ರ, ಕಚ್ಚಿದ್ರ, ಗಾಯಾ ಸಾಬೂನು ಹಚ್ಚಿ ಹರಿಯೋ ನೀರಾಗ 15 ನಿಮಿಷ ತೊಳದು ಅವತ್ತ ದವಾಖಾನಿಗೆ ಹೋಗ್ರಿ, ಅರಿಷಿಣ ಹಚ್ಚಿ ಕುಂದರಬ್ಯಾಡ್ರಿ.

ಮಾರುತಿ ಸೇವಾ ಬಿಡಬೇಕಂತ ನಾ ಅನ್ನಂಗಿಲ್ಲ. ಹಣ್ಣು ಗುಡಿಯಾಗ ಮಂದಿಗೆ ಹಂಚ್ರಿ, ಮಳೆಗಾಲದಾಗ ರೋಡಿನಿಂದ ದೂರ ಒಂದ್ ಅತ್ತಿ ಗಿಡಾ ಹಚ್ರಿ, ಎರಡು ಬ್ಯಾಸಗಿ ನೀರ ಹಾಕ್ರಿ. ಬದಾಮಿ ರೋಡಿನಾಗ ಗಾಡಿ ಸ್ಲೋ ಮಾಡೋದು ಮಾತ್ರ ಬಿಡಬ್ಯಾಡ್ರಿ, ಕಿಡಕಿ ಏರ್ಸಿ ಸ್ಲೋ ಮಾಡ್ರಿ.

ಪ್ರಶ್ನೆ: ಕಬ್ಬು ಕಡಿಯುವಾಗ ಮೂರು ಮರಿ ಸಿಕ್ಕಾವು, ಗ್ಯಾಂಗಿನವರು ಚಿರತಿ ಮರಿ ಅಂತ ಅಂಜಾಕತ್ತಾರ. ಮನೀಗೆ ತಂದು ಹಾಲು ಕುಡಸ್ಲ್ಯಾ?
(ಅಥಣಿ ತಾಲೂಕಿನ ರೈತರು)

ಉತ್ತರ: ಬ್ಯಾಡ್ರಿ, ಮುಟ್ಟಬ್ಯಾಡ್ರಿ. ಕಟಾವಿನ ಟೈಮಿನಾಗ ವಾಟ್ಸಾಪ್‌ನಾಗ ಓಡ್ಯಾಡೋ "ಚಿರತಿ ಮರಿ" ಬಾಳ ಸಲ ಕಾಡಬೆಕ್ಕಿನ ಮರಿ ಇರ್ತಾವು. ಕಬ್ಬು ಎತ್ತರ, ತಂಪು, ಒಳಗ ಇಲಿ ಬೇಕಾದಷ್ಟು, ತಾಯಿಗೆ ಮರಿ ಹಾಕಾಕ ಅದಕ್ಕಿಂತ ಚಲೋ ಜಾಗಾ ಎಲ್ಲಿ ಸಿಗಬೇಕು. ಕೊಯ್ತಾ ಸಪ್ಪಳಕ್ಕ ತಾಯಿ ದೂರ ಸರದಿರ್ತೈತಿ, ಬಿಟ್ಟು ಹೋಗಿರಂಗಿಲ್ಲ. ಮರಿ ಇದ್ದ ಕಡೆ ನಾಕು ಸಾಲು ಕಡೀಲಾರದ ಹಂಗ ಬಿಡ್ರಿ, ರವದಿಗೆ (ಕಬ್ಬಿನ ಒಣ ಸೋಗಿಗೆ) ಬೆಂಕಿ ಹಚ್ಚಬ್ಯಾಡ್ರಿ, ನಾಯಿ ಕಟ್ರಿ, ಮಂದಿ ಎಲ್ಲಾ ಹೊಲಾ ಬಿಟ್ಟು ಹೋಗ್ರಿ. ಕತ್ತಲಾದ ಮ್ಯಾಲೆ ತಾಯಿ ಬಂದು ಒಂದೊಂದನ್ನ ಬಾಯಾಗ ಹಿಡಕೊಂಡು ಒಯ್ತೈತಿ. ಆಕಳ ಹಾಲು ಅವಕ್ಕ ಪಚನ ಆಗಂಗಿಲ್ಲ, ಹೊಟ್ಟಿ ಝಾಡಿಸಿ ಸಾಯ್ತಾವು. ಮನ್ಯಾಗ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗುನ್ನೆನೂ ಹೌದು. ಮರಿ ಮೈಮ್ಯಾಲೆ ಕರೀ ಮಚ್ಚಿ ದಟ್ಟ ಇದ್ದು ಖರೇನ ಚಿರತಿ ಅನ್ನಿಸಿದ್ರ ಅಲ್ಲಿ ಸೆಲ್ಫಿ ತಗೋಕೋತ ನಿಂದರದ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕ ಫೋನ್ ಹಚ್ರಿ, ತಾಯಿ ಎಲ್ಲೋ ಹತ್ರ ಇರ್ತೈತಿ.

ಗದ್ದಲಾ ಆದ್ರ ಏನಾಗ್ತೈತಿ ಅನ್ನೋದು ಬೆಳಗಾವಿ ಮಂದಿಗೆ ಗೊತ್ತೈತಿ. 2022ರ ಆಗಸ್ಟ್‌ನಾಗ ಗಾಲ್ಫ್ ಕೋರ್ಸಿನಾಗ ಚಿರತಿ ಸೇರ್ಕೊಂಡಾಗ ಸುತ್ತಲಿನ ಸಾಲಿಗೆ ರಜಾ ಕೊಟ್ಟು, ಶಿವಮೊಗ್ಗ ಕಡೆ ಸಕ್ರೆಬೈಲಿನ ಆನೆ ಬಿಡಾರದಿಂದ ಆನೆ ತರ್ಸಿ ಹುಡಿಕಿದ್ರೂ ಅದು ಸಿಗಲಿಲ್ಲ. ಅಂಥಾದ್ದರಾಗೂ ಮೊಬೈಲ್ ಹಿಡಕೊಂಡು ನೋಡಾಕ ಹೋಗೋ ಹುಡುಗ್ರಿಗೆ ಏನ ಅನ್ನಬೇಕ್ರಿ?

ಪ್ರಶ್ನೆ: ಹಿತ್ತಲದಾಗ ಕೇರಿಹಾವು ಐತಿ. ನಾಗರಹಾವಿನ ಜೋಡಿ ಅದು, ಹೊಡೀರಿ ಅಂತಾರ ಬಾಜೂ ಮನಿಯವ್ರು.
(ಗೋಕಾಕ)

ಉತ್ತರ: ಜೋಡಿ ಗೀಡಿ ಏನೂ ಇಲ್ಲ, ಎರಡೂ ಬ್ಯಾರೆ ಬ್ಯಾರೆ ಜಾತಿ. ಕೇರಿಹಾವಿಗೆ ವಿಷಾನೂ ಇಲ್ಲ. ಎರಡು ಹಾವು ಎದ್ದು ಹೆಣಕೊಂಡಿದ್ದು ನೋಡಿ ಮಂದಿ ಕೈ ಮುಗೀತಾರಲ್ಲ, ಬಾಳ ಸಲ ಅದು ಎರಡು ಗಂಡು ಕೇರಿಹಾವಿನ ಕುಸ್ತಿ. ಇಲಿ ತಿಂದು ನಿಮ್ಮ ಜ್ವಾಳದ ಚೀಲಾ ಉಳಸ್ತೈತಿ, ಇರಲಿ ಬಿಡ್ರಿ. ಯಾವ ಹಾವು ಅಂತ ಖಾತ್ರಿ ಇಲ್ಲಂದ್ರ ದೂರ ನಿಂತು ಕಣ್ಣಿಡ್ರಿ, ಹಾವು ಹಿಡಿಯೋ ತರಬೇತಿ ಇದ್ದವರನ್ನ ಕರೀರಿ. ಮತ್ತ ಪಂಚಮಿಗೆ ಬಟ್ಲಾಗ ಹಾಲು ಇಡಬ್ಯಾಡ್ರಿ, ಅದು ಹಾವಿನ ಊಟ ಅಲ್ಲ. ಉಂಡಿ ನೀವ ತಿನ್ರಿ.

ಪ್ರಶ್ನೆ: ರಾತ್ರಿ ಖಾನಾಪುರ ರೋಡಿನಾಗ ಗಾಡಿ ಬಡದು ಒಂದು ನರಿ ಬಿದ್ದಿತ್ತು, ಉಸಿರಿತ್ತು. ಏನ್ ಮಾಡಬೇಕಿತ್ತು?
(ಬೆಳಗಾವಿ)

ಉತ್ತರ: ಮೊದಲ ನಿಮ್ಮ ಬೈಕ್ ರೋಡ್ ಬಿಟ್ಟು ಕೆಳಗಿಳಿಸಿ ಇಂಡಿಕೇಟರ್ ಹಾಕ್ರಿ, ನೀವು ಬೀಳೋದು ಬ್ಯಾಡ. ಬರಿಗೈಲೆ ಮುಟ್ಟಬ್ಯಾಡ್ರಿ, ನೋವಾದ ಜೀವ ಕಚ್ಚೇ ಕಚ್ಚತೈತಿ, ನರಿಗೆ ರೇಬೀಸ್ ಇರೋ ಚಾನ್ಸೂ ಐತಿ. ಬಾಯಾಗ ನೀರ ಬಿಡೋದು ಬ್ಯಾಡ್ರಿ, ಶ್ವಾಸನಾಳಕ್ಕ ಹೋಗಿ ಅದರಿಂದನ ಸಾಯ್ತೈತಿ. ದೂರದಿಂದ ದಪ್ಪ ಚಾದರ ಹಾಕಿದ್ರ ಕತ್ತಲಾಗಿ ಒದ್ದಾಡೋದು ಕಡಿಮಿ ಆಗ್ತೈತಿ, ಜಾಗಾದ ಹೆಸರು, ಕಿಲೋಮೀಟರ್ ಕಲ್ಲು ನೋಡಿ 1926ಕ್ಕ ಹೇಳ್ರಿ. ಸತ್ತಿದ್ರ, ರೋಡ್ ಖಾಲಿ ನೋಡಿ ಕಟಗಿಲೆ ಬಾಜೂಕ ಎಳದು ಹಾಕ್ರಿ, ಇಲ್ಲಂದ್ರ ಅದನ್ನ ತಿನ್ನಾಕ ಬಂದ ಹದ್ದು, ನಾಯಿ, ಇನ್ನೊಂದ್ ನರಿ ಅದ ಜಾಗಾದಾಗ ಗಾಡಿಗೆ ಸಿಗ್ತಾವು.

ಪ್ರಶ್ನೆ: ಮಾಳಗಿ ಮ್ಯಾಲೆ ನೀರ ಇಟ್ರೂ ಗುಬ್ಬಿ ಬರವಲ್ವು.
(ವಿಜಯಪುರ ಓದುಗರು)

ಉತ್ತರ: ನಿಮ್ಮೂರ ಬಿಸಲಿಗೆ ಸ್ಟೀಲ್ ಬಟ್ಲದ ನೀರು ಚಹಾ ಆಗಿರ್ತೈತಿ ಬಿಡ್ರಿ. ಮಣ್ಣಿನ ಅಗಲ ತಾಟು ತಗೊಂಡು ನೆರಳಾಗ ಇಡ್ರಿ, ಎರಡು ಬೊಟ್ಟು ಆಳ ನೀರು ಸಾಕು, ನಡುವ ಒಂದು ಕಲ್ಲಿರಲಿ, ದಿನಾ ತಿಕ್ಕಿ ಬದಲ ಮಾಡ್ರಿ, ಇಲ್ಲಂದ್ರ ಗುಬ್ಬಿಗಿಂತ ಮೊದಲ ಸೊಳ್ಳಿ ಬರ್ತಾವು. ಊರಿಗೆ ಹೋಗುವಾಗ ಬಾಜೂ ಮನಿಯವರಿಗೆ ಹೇಳಿ ಹೋಗ್ರಿ.