ಥಾಣೆ–ಬಿಕೆಸಿ ಓಡಾಟದಲ್ಲಿ ಲಕ್ಷುರಿ ಸೆಡಾನ್ ಬರೀ 7.5 ಕೊಡುತ್ತಿದೆ, ಗಾಡಿ ಕೆಟ್ಟಿದೆಯೇ?

ನೀವು ಕೇಳಿದ್ದು ಇಷ್ಟು: 2 ಲೀಟರ್ ಟರ್ಬೊ ಪೆಟ್ರೋಲ್ ಆಟೊಮ್ಯಾಟಿಕ್ ಸೆಡಾನ್, ಕಂಪನಿ ಹೇಳಿದ್ದು ಲೀಟರಿಗೆ 17 ಕಿ.ಮೀ., ಥಾಣೆಯಿಂದ ಬಿಕೆಸಿಗೆ (ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ದಿನಾ ಹೋಗಿಬಂದರೆ 7.5, ಊರಿಗೆ ಅಂತ ಬೆಳಗಾವಿಗೆ ಹೋದಾಗ 14. ಸರ್ವಿಸ್ ಸೆಂಟರ್‌ನವರು ಎಲ್ಲ ಸರಿಯಿದೆ ಎನ್ನುತ್ತಾರೆ, ನಂಬಬಹುದೇ?

ಬಹುಮಟ್ಟಿಗೆ ನಂಬಬಹುದು. ಮೈಲೇಜ್ ತೋರಿಸುವ ಪರದೆಯಲ್ಲೇ ಸರಾಸರಿ ವೇಗವೂ ಇರುತ್ತದೆ, ಮೊದಲು ಅದನ್ನು ನೋಡಿ. ಇಂಥ ಗಾಡಿಗೆ ಸರಾಸರಿ ವೇಗ 15 ಇದ್ದರೆ ಮೈಲೇಜ್ 7ರಿಂದ 8, 30 ಇದ್ದರೆ 11ರ ಆಸುಪಾಸು, ಹೆದ್ದಾರಿಯಲ್ಲಿ ಒಂದೇ ಸಮ 85ರಲ್ಲಿ ಓಡಿದರೆ 16 ಬರುವುದು ಸಹಜ. ಕಂಪನಿ ಹೇಳುವ 17 ಎಂಬ ಅಂಕಿ ಪ್ರಯೋಗಾಲಯದ ರೋಲರ್ ಮೇಲೆ ಓಡಿಸಿ ಪಡೆದದ್ದು: 1180 ಸೆಕೆಂಡಿನ ಓಟ, ಗರಿಷ್ಠ ವೇಗ 90, ಸರಾಸರಿ 32ರ ಹತ್ತಿರ, ಎ.ಸಿ. ಬಂದ್. ಮುಲುಂಡ್‌ನಿಂದ ಸಾಯನ್‌ವರೆಗಿನ ಬೆಳಗಿನ ಟ್ರಾಫಿಕ್ಕಿಗೂ ಇದಕ್ಕೂ ಸಂಬಂಧವೇ ಇಲ್ಲ.

ಲೆಕ್ಕ ಹಾಕಿಯೇ ನೋಡೋಣ. ಜನ ಕೂತ ಮೇಲೆ ಗಾಡಿ 1800 ಕಿಲೋ. ನಿಂತಲ್ಲಿಂದ 40ರ ವೇಗಕ್ಕೆ ಒಮ್ಮೆ ಏರಿಸಲು ಸುಮಾರು 14 ಮಿ.ಲೀ. ಪೆಟ್ರೋಲ್ ಬೇಕು, ಬ್ರೇಕ್ ತುಳಿದ ಕೂಡಲೇ ಅಷ್ಟೂ ಶಾಖವಾಗಿ ಹೋಯಿತು. 25 ಕಿ.ಮೀ. ದಾರಿಯಲ್ಲಿ 80 ಸಲ ಹಾಗಾದರೆ 1.1 ಲೀಟರ್. ಎ.ಸಿ. ಹಾಕಿಕೊಂಡು ನಿಂತಲ್ಲೇ ಎಂಜಿನ್ ಓಡಿದರೆ ಗಂಟೆಗೆ ಒಂದು ಲೀಟರಿನ ಹತ್ತಿರ. ಮುಕ್ಕಾಲು ಗಂಟೆ ನಿಂತರೆ 0.7. ಬರೀ ಉರುಳುವುದಕ್ಕೆ 1.4. ಒಟ್ಟು 3.2 ಲೀಟರ್, ಅಂದರೆ 7.8. ನಿಮ್ಮ ಅಂಕಿ ಇದರ ಪಕ್ಕದಲ್ಲೇ ಇದೆ.

ಆದರೆ ಆ 7.5 ಅಳೆದದ್ದು ಹೇಗೆ? ಪರದೆ ಸಾಮಾನ್ಯವಾಗಿ ಶೇ. 5ರಿಂದ 10 ಹೆಚ್ಚೇ ತೋರಿಸುತ್ತದೆ. ಒಂದೇ ಪಂಪಿನ ಒಂದೇ ನಾಜಲ್‌ನಲ್ಲಿ ಆಟೊ ಕಟ್ ಆಗುವವರೆಗೆ ಹಾಕಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, 300 ಕಿ.ಮೀ. ದಾಟಿದ ಮೇಲೆ ಅಲ್ಲೇ ಮತ್ತೆ ತುಂಬಿಸಿ ಭಾಗಿಸಿ. ಮೂರು ಟ್ಯಾಂಕ್‌ಗಳ ಸರಾಸರಿ ಬೇಕು, ಒಂದನ್ನು ನಂಬಬೇಡಿ. ಕಟ್ ಆದ ಮೇಲೆ ಹುಡುಗ ರೌಂಡ್ ಫಿಗರ್‌ಗೆ ಅಂತ ಒತ್ತಿ ಒತ್ತಿ ತುಂಬಿಸಲು ಬಂದರೆ ಬೇಡವೆನ್ನಿ. ಪೆಟ್ರೋಲ್ ಆವಿ ಹೀರುವ ಇದ್ದಿಲಿನ ಡಬ್ಬಕ್ಕೆ ದ್ರವವೇ ನುಗ್ಗಿದರೆ ಅದು ಹಾಳಾಗುತ್ತದೆ, ಬದಲಿಸುವ ಖರ್ಚು ಸಣ್ಣದಲ್ಲ.

ಇ20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಪಾಲೂ ಇದೆ. ಎಥನಾಲ್‌ನಲ್ಲಿ ಲೀಟರಿಗೆ ಶಕ್ತಿ ಮೂರನೇ ಒಂದು ಭಾಗ ಕಡಿಮೆ. ಹೀಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ಯಲ್ಲಿ ಶೇ. 6–7, ಇ10ಕ್ಕೆ ಹೋಲಿಸಿದರೆ ಅದರ ಅರ್ಧದಷ್ಟು ಶಕ್ತಿ ಕಡಿಮೆ. ಚಾಲನೆಯಲ್ಲಿ ಏನೇ ಮಾಡಿದರೂ ಇದು ವಾಪಸ್ ಬರುವುದಿಲ್ಲ.

ಟ್ಯಾಂಕ್ ಲೆಕ್ಕದಲ್ಲಿ 6.5ಕ್ಕಿಂತ ಕೆಳಗೆ ಬಂದರೆ, ಅಥವಾ ದಾರಿ ಅದೇ ಇದ್ದು ಎರಡು ತಿಂಗಳಲ್ಲಿ ಸದ್ದಿಲ್ಲದೆ ಇಳಿದಿದ್ದರೆ, ಆಗ ಹುಡುಕಬೇಕು. ನಾನು ಮೊದಲು ನೋಡಿ ಎನ್ನುವುದು ಆಟೊ ಸ್ಟಾರ್ಟ್-ಸ್ಟಾಪ್, ಅಂದರೆ ಗಾಡಿ ನಿಂತಾಗ ಎಂಜಿನ್ ತಾನಾಗಿ ಆರಿಸುವ ಸೌಲಭ್ಯ. ಅದರ ಗುಂಡಿ ಆನ್ ಇರುತ್ತದೆ, ಸಿಗ್ನಲ್‌ನಲ್ಲಿ ಮಾತ್ರ ಎಂಜಿನ್ ನಿಲ್ಲುವುದಿಲ್ಲ. ಒಳಗೆ ಇನ್ನೂ ತಂಪಾಗಿಲ್ಲದಿದ್ದರೆ ಹಾಗಾಗುವುದು ಸರಿಯೇ. ಅರ್ಧ ಗಂಟೆ ಓಡಿದ ಮೇಲೂ ನಿಲ್ಲದಿದ್ದರೆ 12 ವೋಲ್ಟ್ ಬ್ಯಾಟರಿ ಸೋತಿದೆ ಎಂದೇ ಅನುಮಾನಿಸಿ. ಕಡಿಮೆ ದೂರದ ಓಡಾಟದಲ್ಲಿ ಅದು ಪೂರ್ತಿ ಚಾರ್ಜ್ ಆಗುವುದಿಲ್ಲ, ಚಾರ್ಜ್ ಇಳಿದರೆ ಗಾಡಿ ತಾನಾಗಿಯೇ ಈ ಸೌಲಭ್ಯ ನಿಲ್ಲಿಸುತ್ತದೆ. ಹೊರಗಿನ ಅಂಗಡಿಯಲ್ಲಿ ಎಜಿಎಂ ಬ್ಯಾಟರಿ (ಸ್ಟಾರ್ಟ್-ಸ್ಟಾಪ್ ಗಾಡಿಗಳ ಗಟ್ಟಿ ಬ್ಯಾಟರಿ) ತೆಗೆದು ಸಾದಾ ಬ್ಯಾಟರಿ ಕೂರಿಸಿದ್ದರಂತೂ ಕಥೆ ಮುಗಿಯಿತು. ಕೆಲವು ಗಾಡಿಗಳಲ್ಲಿ ಹೊಸ ಬ್ಯಾಟರಿಯನ್ನು ಕಂಪ್ಯೂಟರಿನಲ್ಲಿ ನೋಂದಾಯಿಸಲೂ ಬೇಕು.

ಎರಡನೆಯದು ಬ್ರೇಕ್. ಮುಂಬೈ ಮಳೆಗಾಲ ಮುಗಿದಾಗ ಕ್ಯಾಲಿಪರ್‌ನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಸ್ಲೈಡ್ ಪಿನ್ ತುಕ್ಕು ಹಿಡಿದು ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುವುದು ಮಾಮೂಲಿ. ಜೋರಾಗಿ ಬ್ರೇಕ್ ಹಾಕದೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಳಿ ಕೈ ಒಯ್ದು ನೋಡಿ, ಮುಟ್ಟಬೇಡಿ. ಒಂದರಿಂದ ಮಾತ್ರ ಬಿಸಿ ಹೊಡೆದರೆ ಕಳ್ಳ ಸಿಕ್ಕಿದ. ಪಿನ್ ಬಿಚ್ಚಿ ಸ್ವಚ್ಛ ಮಾಡಿ ಸಿಲಿಕೋನ್ ಗ್ರೀಸ್ ಹಚ್ಚಿದರೆ ಸಾಕಾಗಬಹುದು. ಕ್ಯಾಲಿಪರೇ ಬದಲಿಸಬೇಕೆಂದರೆ ಪಿನ್ ಬಿಚ್ಚಿ ತೋರಿಸಿ ಅನ್ನಿ.

ಮೂರನೆಯದು, ತೆರೆದೇ ಸಿಕ್ಕಿಬಿದ್ದ ಥರ್ಮೋಸ್ಟಾಟ್ (ಎಂಜಿನ್ ತಂಪಿನ ನೀರನ್ನು ನಿಯಂತ್ರಿಸುವ ವಾಲ್ವ್). ಗಾಡಿಯ ಕಂಪ್ಯೂಟರ್ ಓದುವ ಅಗ್ಗದ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ ಕೂಲಂಟ್ ಉಷ್ಣತೆ ನೋಡಿ. ಇಪ್ಪತ್ತು ನಿಮಿಷದ ಮೇಲೂ 75 ಡಿಗ್ರಿ ದಾಟದಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತಿರುತ್ತದೆ. ಅದೇ ಸ್ಕ್ಯಾನರ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ ಸಿಗುತ್ತದೆ. ಇ20ಯಲ್ಲಿ ಅದು ನಾಲ್ಕೈದು ಶೇಕಡಾ ಮೇಲಿದ್ದರೆ ಹೆದರಬೇಡಿ. 12 ದಾಟಿದರೆ ಇನ್‌ಟೇಕ್‌ನಲ್ಲಿ ಗಾಳಿ ಸೋರಿಕೆ ಹುಡುಕಿಸಿ.

ಟೈರಿನ ಗಾಳಿಯ ಬಗ್ಗೆ ಎಲ್ಲರೂ ಭಾಷಣ ಮಾಡುತ್ತಾರೆ, ನಿಜಕ್ಕೂ ನಾಲ್ಕೂ ಟೈರಿನಲ್ಲಿ 5 ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಶೇಕಡಾ ಒಂದರ ಸುತ್ತ ಇಳಿಯುತ್ತದೆ ಅಷ್ಟೆ. ಟೈರು ಉಳಿಯಲಿ ಅಂತ ಗಾಳಿ ಸರಿಯಾಗಿಡಿ. ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ರನ್-ಫ್ಲಾಟ್ ಟೈರಿನಲ್ಲಿ ಗಾಳಿ ಇಳಿದದ್ದು ಕಣ್ಣಿಗೆ ಕಾಣುವುದಿಲ್ಲ, ಗೇಜ್ ಇಟ್ಟುಕೊಳ್ಳಿ. ಅಂಕಿ ಚಾಲಕನ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿದೆ, ಟೈರು ತಣ್ಣಗಿರುವಾಗ ಅಳೆಯಿರಿ.

ಬೆಳಗಾವಿಯ 14ಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಏರುತ್ತೀರಿ, ಆ ಏರಿಕೆಗೇ ಒಂದೂಕಾಲು ಲೀಟರ್ ಬೇಕು. ಹೋಗಿಬಂದ ಎರಡೂ ಕಡೆ ಸೇರಿಸಿಯೇ ಲೆಕ್ಕ ಹಾಕಿ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಸಮತಟ್ಟಿನಲ್ಲಿ ಮಿತಿ 100; 120ಕ್ಕೆ ಹೋದರೆ ಗಾಳಿಯ ತಡೆ ಶೇ. 44 ಹೆಚ್ಚು. 90ರಲ್ಲಿ ಕ್ರೂಸ್ (ವೇಗವನ್ನು ತಾನಾಗಿ ಒಂದೇ ಸಮ ಇಡುವ ಸೌಲಭ್ಯ) ಹಾಕಿ, ಖಂಡಾಳಾ ಮತ್ತು ಖಂಬಾಟ್ಕಿ ಘಾಟಿನಲ್ಲಿ ಮಾತ್ರ ಕ್ರೂಸ್ ತೆಗೆದು ವೇಗ ಸ್ವಲ್ಪ ಬಿದ್ದರೆ ಬೀಳಲಿ ಎಂದು ಬಿಡಿ. ಆಗ 15–16 ಬರಬೇಕು.

100 ಆಕ್ಟೇನ್ ಪೆಟ್ರೋಲ್, ಇಂಜೆಕ್ಟರ್ ಕ್ಲೀನರ್ ಬಾಟಲಿಗಳಿಗೆ ದುಡ್ಡು ಹಾಕಬೇಡಿ. ಕೈಪಿಡಿ ಕೇಳಿದ ಆಕ್ಟೇನ್‌ಗಿಂತ ಮೇಲಿನದರಿಂದ ಮೈಲೇಜಿಗೆ ಲಾಭವಿಲ್ಲ. ನೇರ ಇಂಜೆಕ್ಷನ್ ಎಂಜಿನ್‌ನ ಇನ್‌ಟೇಕ್ ವಾಲ್ವಿಗೆ ಪೆಟ್ರೋಲ್ ತಾಗುವುದೇ ಇಲ್ಲ, ಹಾಗಾಗಿ ಅಲ್ಲಿನ ಇಂಗಾಲವನ್ನು ಯಾವ ಬಾಟಲಿಯೂ ತೊಳೆಯದು. ಇದೇ ದಾರಿಗೆ ಮುಂದಿನ ಗಾಡಿ ಕೊಳ್ಳುವುದಾದರೆ ಪೂರ್ಣ ಹೈಬ್ರಿಡ್ ಸೆಡಾನ್ ಓಡಿಸಿ ನೋಡಿ. ಮೇಲಿನ ಲೆಕ್ಕದ ಆ 1.1 ಲೀಟರಿನಲ್ಲಿ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ, ನಿಂತಲ್ಲಿ ಸುಡುವ 0.7ರಲ್ಲಿ ಬಹುಪಾಲು ಉಳಿಯುತ್ತದೆ.