ಗಾಳಿಯ ಲೆಕ್ಕ ಮತ್ತು ಕ್ಯಾಲ್ಕುಲೇಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪದವಿ ಮುಗಿಸಿ ಪೈಲಟ್ ತರಬೇತಿಗೆ ಸೇರಬೇಕೆಂದಿದ್ದೇನೆ. ಪ್ರೋಗ್ರಾಂ ಬರೆದಿಡಬಹುದಾದ ಕ್ಯಾಲ್ಕುಲೇಟರ್ ಒಂದಿದ್ದರೆ ಹಾರಾಟದ ಲೆಕ್ಕವೆಲ್ಲ ಗುಂಡಿ ಒತ್ತುವಷ್ಟರಲ್ಲಿ ಮುಗಿಯುತ್ತದೆ ಎಂದು ಅಣ್ಣ ಹೇಳುತ್ತಾನೆ. ಅದರಲ್ಲಿ ಮಾಡುವ ಲೆಕ್ಕವಾದರೂ ಯಾವುದು?
— ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಗಾಳಿಯ ಲೆಕ್ಕ. ನಿಮ್ಮ ಊರನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ಸೋಮವಾರಪೇಟೆಯ ಸಮೀಪವೇ ಹಾದುಹೋಗುತ್ತದೆ. ಅದರ ಉದ್ದ ಸುಮಾರು 112 ನಾಟಿಕಲ್ ಮೈಲಿ, ಅಂದರೆ 208 ಕಿಲೋಮೀಟರ್. ಉತ್ತರವನ್ನು ಸೊನ್ನೆಯೆಂದಿಟ್ಟು ಬಲಕ್ಕೆ ಎಣಿಸಿದರೆ ಅದರ ದಿಕ್ಕು 293 ಡಿಗ್ರಿ. ನಿಮ್ಮ ಚಿಕ್ಕ ವಿಮಾನ ಗಂಟೆಗೆ 100 ನಾಟಿಕಲ್ ಮೈಲಿ, ಅಂದರೆ 100 ನಾಟ್ ವೇಗದ್ದು ಎಂದಿಟ್ಟುಕೊಳ್ಳಿ. ಗಾಳಿ ನೇರ ಪಡುವಣದಿಂದ 25 ನಾಟ್ ವೇಗದಲ್ಲಿ ಬೀಸುತ್ತಿರಲಿ. (ಆಷಾಢದ ಮೋಡದಲ್ಲಿ ಚಿಕ್ಕ ವಿಮಾನದವರು ಆ ದಾರಿ ಹಿಡಿಯುವುದಿಲ್ಲ, ಲೆಕ್ಕಕ್ಕಾಗಿ ಹಿಡಿಯೋಣ.)

ದಾರಿಗೂ ಗಾಳಿಗೂ ನಡುವಿನ ಕೋನ 23 ಡಿಗ್ರಿ. 25ನ್ನು ಆ ಕೋನದ ಸೈನ್‌ನಿಂದ ಗುಣಿಸಿದರೆ ಬರುವ 9.8 ನಾಟ್ ಅಡ್ಡಗಾಳಿ. ಕೊಸೈನ್‌ನಿಂದ ಗುಣಿಸಿದರೆ ಬರುವ 23 ನಾಟ್ ಎದುರುಗಾಳಿ. ಅಡ್ಡಗಾಳಿಯನ್ನು ವಿಮಾನದ ವೇಗದಿಂದ ಭಾಗಿಸಿ, ಯಾವ ಕೋನದ ಸೈನ್ ಅಷ್ಟಿದೆಯೆಂದು ನೋಡಿದರೆ 5.6 ಡಿಗ್ರಿ ಸಿಗುತ್ತದೆ. ಮೂಗನ್ನು ಅಷ್ಟು ಎಡಕ್ಕೆ ತಿರುಗಿಸಿಕೊಂಡು ಹಾರಿದರೆ ಮಾತ್ರ ವಿಮಾನ ಗೆರೆಯ ಮೇಲೆ ಉಳಿಯುತ್ತದೆ. ತಿರುಗಿಸದೆ ಹಾರಿದರೆ ಪ್ರಯಾಣದ ಕೊನೆಗೆ ಬಜ್ಪೆಯಿಂದ ಸುಮಾರು 14 ನಾಟಿಕಲ್ ಮೈಲಿ ಉತ್ತರಕ್ಕೆ ಸರಿದಿರುತ್ತೀರಿ. ನೆಲದ ಮೇಲಿನ ವೇಗ 76.5 ನಾಟ್‌ಗೆ ಇಳಿಯುವುದರಿಂದ, ಗಾಳಿಯಿಲ್ಲದ ದಿನ 67 ನಿಮಿಷದ ದಾರಿಗೆ 88 ನಿಮಿಷ ಬೇಕಾಗುತ್ತದೆ. ಮರಳುವಾಗ ಅದೇ ಗಾಳಿ ಬೆನ್ನಿಗಿದ್ದು 55 ನಿಮಿಷದಲ್ಲಿ ತಲುಪಿಸುತ್ತದೆ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಕ್ಕಿತೆಂದು ಹೊಸಬರು ಸಮಾಧಾನಪಟ್ಟುಕೊಳ್ಳುತ್ತಾರೆ. ಕೂಡಿಸಿ ನೋಡಿದರೆ ಹೋಗಿಬರುವ ದಾರಿಯಲ್ಲಿ ಸುಮಾರು 8 ನಿಮಿಷ ನಷ್ಟವೇ ಆಗಿರುತ್ತದೆ, ಏಕೆಂದರೆ ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚು.

ಇದನ್ನು ಒಮ್ಮೆ ಪ್ರೋಗ್ರಾಂ ಆಗಿ ಬರೆದಿಟ್ಟರೆ ನಾಲ್ಕೈದು ಸಂಖ್ಯೆ ಕೊಟ್ಟು ಉತ್ತರ ಪಡೆಯಬಹುದೆಂಬ ನಿಮ್ಮ ಅಣ್ಣನ ಮಾತು ಸರಿ. ಆದರೆ ಅದೇ ಗೆರೆಯ ಬದಿಯಲ್ಲಿ 1,712 ಮೀಟರ್, ಅಂದರೆ ಸುಮಾರು 5,600 ಅಡಿ ಎತ್ತರದ ಪುಷ್ಪಗಿರಿ ನಿಂತಿದೆ. ಈ ಪ್ರೋಗ್ರಾಂಗೆ ಅದರ ಸುಳಿವೇ ಇಲ್ಲ. ಆದ್ದರಿಂದ ನಕ್ಷೆಯನ್ನು ಮೊದಲು ಬಿಡಿಸಿ, ಗುಂಡಿಯನ್ನು ಆಮೇಲೆ ಒತ್ತಿ.

ಪ್ರಶ್ನೆ: ಅಟ್ಟ ಗುಡಿಸುವಾಗ ನಮ್ಮ ದೊಡ್ಡಪ್ಪನ ಹಳೆಯ ಎಚ್‌ಪಿ-41 ಕ್ಯಾಲ್ಕುಲೇಟರ್ ಸಿಕ್ಕಿತು. ಅದರಲ್ಲಿ ಸಮ ಚಿಹ್ನೆಯ ಗುಂಡಿಯೇ ಇಲ್ಲ. ಇದು ಕೆಟ್ಟಿದೆಯೇ, ಇಲ್ಲವೇ ಮೊದಲಿನಿಂದಲೂ ಹೀಗೆಯೇ?
— ಓದುಗರು, ವಿರಾಜಪೇಟೆ

ಉತ್ತರ: ಮೊದಲಿನಿಂದಲೂ ಹಾಗೆಯೇ. ಆ ಯಂತ್ರಕ್ಕೆ ಸಂಖ್ಯೆಗಳನ್ನು ಮೊದಲು ಕೊಟ್ಟು, ಮಾಡಬೇಕಾದ ಕ್ರಿಯೆಯನ್ನು ಕೊನೆಗೆ ಹೇಳಬೇಕು. ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ಇದು ತಲೆಕೆಳಗಾಗಿ ತೋರುತ್ತದೆಯಂತೆ. ‘25ನ್ನೂ 4ನ್ನೂ ಗುಣಿಸು’ ಎಂದು ಕ್ರಿಯಾಪದವನ್ನು ಕೊನೆಗಿಟ್ಟೇ ಮಾತನಾಡುವ ನಮಗೆ ಇದರಲ್ಲಿ ವಿಚಿತ್ರವೇನೂ ಇಲ್ಲ, ಯಂತ್ರವೇ ಕನ್ನಡದ ವ್ಯಾಕರಣ ಕಲಿತಂತಿದೆ.

1974ರಲ್ಲಿ ಬಂದ ಎಚ್‌ಪಿ-65 ಕಾಂತೀಯ ಪಟ್ಟಿಯ ಚಿಕ್ಕ ಕಾರ್ಡುಗಳಲ್ಲಿ ಪ್ರೋಗ್ರಾಂ ಉಳಿಸಬಲ್ಲ ಮೊದಲ ಅಂಗೈ ಯಂತ್ರ. ಅದರ ಪ್ರೋಗ್ರಾಂ 100 ಹೆಜ್ಜೆಗಳನ್ನು ಮೀರುವಂತಿರಲಿಲ್ಲ. ಆದರೂ 1975ರ ಅಪೋಲೊ-ಸೋಯುಜ್ ಎಂಬ ಅಮೆರಿಕ-ಸೋವಿಯತ್ ಜಂಟಿ ಬಾಹ್ಯಾಕಾಶ ಯಾನದಲ್ಲಿ ನೌಕೆಯ ಕಂಪ್ಯೂಟರ್ ಕೈಕೊಟ್ಟರೆ ಇರಲೆಂದು ಅದನ್ನು ಒಯ್ದಿದ್ದರು. ನಿಮ್ಮಲ್ಲಿರುವ ಮಾದರಿ 1979ರದು. ಅದೂ ಅಮೆರಿಕದ ಬಾಹ್ಯಾಕಾಶ ಷಟಲ್ ಏರಿದೆ. ಆರಿಸಿದರೂ ಪ್ರೋಗ್ರಾಂ ಅಳಿಸಿಹೋಗದೆ ಉಳಿಯುತ್ತಿದ್ದುದರಿಂದ, ಮನೆಯಲ್ಲಿ ಬರೆದದ್ದನ್ನು ವಿಮಾನದಲ್ಲಿ ಬಳಸಲು ಅನುಕೂಲವಾಗಿತ್ತು. ಹಾರಾಟದ ಲೆಕ್ಕಗಳನ್ನೇ ತುಂಬಿದ್ದ, ಮೇಲ್ತುದಿಯ ಕಿಂಡಿಗೆ ಸಿಕ್ಕಿಸುವ ಮಾಡ್ಯೂಲ್ ಎಂಬ ಪುಟ್ಟ ಡಬ್ಬಿಯೂ ದೊರೆಯುತ್ತಿತ್ತು.

ಕೊಡಗಿನ ಅಟ್ಟದಲ್ಲಿ ಎಷ್ಟೋ ಮಳೆಗಾಲ ಕಳೆದ ಯಂತ್ರವಾದ್ದರಿಂದ ಬ್ಯಾಟರಿ ಗೂಡನ್ನು ಮೊದಲು ತೆರೆದು ನೋಡಿ. ಹಳೆಯ ಬ್ಯಾಟರಿ ಸೋರಿ ಲೋಹದ ಪಟ್ಟಿಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ, ಅದನ್ನು ಒರೆಸಿ ತೆಗೆಯುವ ಮೊದಲು ಹೊಸ ಬ್ಯಾಟರಿ ಹಾಕಬೇಡಿ. ಅದಕ್ಕೆ ಬೇಕಾದದ್ದು ಪೆನ್‌ಟಾರ್ಚಿನ ಬ್ಯಾಟರಿಗಿಂತ ಗಿಡ್ಡನೆಯ, ಎನ್ ಅಳತೆಯ ನಾಲ್ಕು ಬ್ಯಾಟರಿ.

ಪ್ರಶ್ನೆ: 1965ರ ಯುದ್ಧದಲ್ಲಿ ನಮ್ಮ ಅಜ್ಜಮಾಡ ದೇವಯ್ಯನವರಂಥವರ ಬಳಿ ಇಂಥ ಯಂತ್ರವಿತ್ತೇ?
— ಓದುಗರು, ಮಡಿಕೇರಿ

ಉತ್ತರ: ಇರಲಿಲ್ಲ. ಸೈನ್, ಕೊಸೈನ್ ತಿಳಿದ ಮೊದಲ ಜೇಬಿನ ಕ್ಯಾಲ್ಕುಲೇಟರ್ ಎಚ್‌ಪಿ-35 ಬಂದದ್ದೇ 1972ರಲ್ಲಿ. 1965ರ ಸೆಪ್ಟೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ದೇವಯ್ಯನವರು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದ ಮಿಸ್ಟೇರ್ ಒಬ್ಬರೇ ಕೂರುವ ವಿಮಾನವಾಗಿದ್ದು, ದಾರಿಯ ಲೆಕ್ಕ ಒಪ್ಪಿಸಲು ಪಕ್ಕದಲ್ಲಿ ನ್ಯಾವಿಗೇಟರ್ ಕೂಡ ಇರುತ್ತಿರಲಿಲ್ಲ.

ಪ್ರಶ್ನೆ: ಈಗ ಪೈಲಟ್‌ಗಳ ಕೈಯಲ್ಲಿ ಟ್ಯಾಬ್ ಇರುವಾಗ ಮಗನಿಗೆ ಕ್ಯಾಲ್ಕುಲೇಟರ್, ತಿರುಗಿಸುವ ಬಿಲ್ಲೆ ಇತ್ಯಾದಿಗಳನ್ನು ಕೊಡಿಸುವುದು ದಂಡವಲ್ಲವೇ?
— ಕಾಫಿ ಬೆಳೆಗಾರರು, ನಾಪೋಕ್ಲು

ಉತ್ತರ: ಟ್ಯಾಬ್ ಬೇಡವೆನ್ನುವವನು ನಾನಲ್ಲ, ಹತ್ತಾರು ಕಿಲೋ ತೂಗುತ್ತಿದ್ದ ನಕ್ಷೆ, ಕೈಪಿಡಿಗಳ ಚೀಲವನ್ನು ಅದು ಇಳಿಸಿದೆ. ಆದರೆ ನೀವು ಹೇಳುವ ತಿರುಗಿಸುವ ಬಿಲ್ಲೆ, ಅಂದರೆ 1930ರ ದಶಕದಲ್ಲಿ ಫಿಲಿಪ್ ಡಾಲ್ಟನ್ ರೂಪಿಸಿದ, ಇ6ಬಿ ಎಂಬ ಹೆಸರಿನ ವೃತ್ತಾಕಾರದ ಸ್ಲೈಡ್ ರೂಲ್ (ಅಂಕಿ ಗೆರೆಗಳನ್ನು ಸರಿಸಿ ಲೆಕ್ಕ ಮಾಡುವ ಸಾಧನ), ಬಿಸಿಲಿಗೆ ಕಾದು ಆರಿಹೋಗುವುದಿಲ್ಲ, ಅದಕ್ಕೆ ಚಾರ್ಜರೂ ಬೇಡ. ಅದರ ಹಿಂಬದಿಯಲ್ಲಿ ಗಾಳಿಯನ್ನು ಪೆನ್ಸಿಲ್ಲಿನಿಂದ ಗುರುತಿಸುವ ವಿದ್ಯಾರ್ಥಿಗೆ, ಗಾಳಿ ಎಡದಿಂದಲೋ ಬಲದಿಂದಲೋ ಎಂಬುದು ಕಣ್ಣಿಗೇ ಕಾಣುತ್ತದೆ.

ನಾನು ಪೈಲಟ್ ವಿದ್ಯಾರ್ಥಿಗಳಿಗೆ ತರಗತಿಯಲ್ಲಿ ನೆಲದ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಬ್ಬ ಜಾಣ ಹುಡುಗ, ಮೇಲಿನಂಥದೇ ಲೆಕ್ಕಕ್ಕೆ ‘ತಿದ್ದುಪಡಿಯೇ ಬೇಡ ಸರ್, ಸೊನ್ನೆಗೆ ಹತ್ತಿರ ಬಂತು’ ಎಂದ. ಅವನ ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ಕೋನ ಅಳೆಯುವ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿತ್ತು. 1.46 ಗಂಟೆಯನ್ನು 1 ಗಂಟೆ 46 ನಿಮಿಷವೆಂದು ಓದಿದವರಿಗಂತೂ ಲೆಕ್ಕವಿಲ್ಲ. ಅದು 1 ಗಂಟೆ 28 ನಿಮಿಷ. ಬಿಲ್ಲೆ ತಿರುಗಿಸಿ ರೂಢಿಯಾದವರು, ಉತ್ತರ ಇಷ್ಟರ ಆಸುಪಾಸಿನಲ್ಲಿರಬೇಕು ಎಂದು ಮೊದಲೇ ಮನಸ್ಸಿನಲ್ಲಿ ಎಣಿಸಿರುತ್ತಾರೆ.

ನುರಿತವರೂ ಎಡವುತ್ತಾರೆ. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಲ್ಲಿ ಏರ್‌ಬಸ್ ಎ340 ಒಂದರ ಸಿಬ್ಬಂದಿ, ಹಾರಾಟದ ಲೆಕ್ಕದ ಲ್ಯಾಪ್‌ಟಾಪ್‌ನಲ್ಲಿ ತೂಕವನ್ನು 362.9 ಟನ್ ಎನ್ನುವ ಬದಲು 262.9 ಟನ್ ಎಂದು ದಾಖಲಿಸಿದರು. ಯಂತ್ರ ತನಗೆ ಕೊಟ್ಟ ತೂಕಕ್ಕೆ ಸರಿಯಾದ ವೇಗವನ್ನೂ ಎಂಜಿನ್ ಬಲವನ್ನೂ ಕೊಟ್ಟಿತು. ವಿಮಾನದ ಬಾಲ ರನ್‌ವೇಯನ್ನು ಉಜ್ಜಿ, ರನ್‌ವೇ ಮುಗಿದ ಮೇಲೆ ಹೇಗೋ ಮೇಲೆದ್ದು, ಕಡೆಗೆ ಅದೇ ನಿಲ್ದಾಣಕ್ಕೆ ಮರಳಿ ಇಳಿಯಿತು.

ಮಗನಿಗೆ ಮೊದಲ ವರ್ಷ ಬಿಲ್ಲೆಯನ್ನೇ ಕೊಡಿಸಿ. ಟ್ಯಾಬನ್ನು ಅವನು ನೀವು ಬೇಡವೆಂದರೂ ಕೊಳ್ಳುತ್ತಾನೆ.