ಓದುಗರ ಪ್ರಶ್ನೆ, ತಜ್ಞರ ಉತ್ತರ: ಪುಟ್ಟ ಡಾಕ್ ಸ್ಪೀಕರ್ ಆರಿಸುವಾಗ

ಪ್ರಶ್ನೆ: ನನ್ನ ಹಳೆಯ ಐಪಾಡ್‌ಗೆ ಸೆಕೆಂಡ್‌ಹ್ಯಾಂಡ್ ಡಾಕ್ ಸ್ಪೀಕರ್ (ಮೇಲೆ ಪ್ಲೇಯರ್ ಕೂರಿಸಿ ಹಾಡು ಕೇಳುವ ಸ್ಪೀಕರ್ ಪೆಟ್ಟಿಗೆ) ಬೇಕಾಗಿದೆ. ನೋಡಿರುವ ಎರಡರಲ್ಲಿ ಒಂದರ ಮೇಲೆ 10 ವ್ಯಾಟ್, ಇನ್ನೊಂದರ ಮೇಲೆ 20 ವ್ಯಾಟ್ ಎಂದಿದೆ. 20ರದ್ದನ್ನೇ ಕೊಳ್ಳಲೇ?

ಉತ್ತರ: ವ್ಯಾಟ್ ನೋಡಿ ತೀರ್ಮಾನಿಸಬೇಡಿ. ವ್ಯಾಟ್ ಇಮ್ಮಡಿಯಾದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ತುಸು ಜೋರು ಅನ್ನಿಸುತ್ತದೆ ಅಷ್ಟೆ. ಎಷ್ಟೋ ಕಡೆ ನಾದ ಶೇ. 10ರಷ್ಟು ಕೆಡುವ ಮಟ್ಟದಲ್ಲಿ ಅಳೆದ ಅಂಕಿಯನ್ನೇ ಮುದ್ರಿಸಿರುತ್ತಾರೆ.

ನಿಮ್ಮ ಪ್ಲೇಯರನ್ನೇ ಕೂರಿಸಿ ಕೇಳಿ. ಪ್ಲೇಯರ್‌ನ ಈಕ್ವಲೈಸರ್ (ಮಂದ್ರ-ತಾರ ನಾದಗಳನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯ) ಆಫ್ ಮಾಡಿ. ಮೊದಲು ಒಬ್ಬರೇ ಮಾತಾಡುವ ಧ್ವನಿಮುದ್ರಣ ಹಾಕಿ: ದನಿ ಡಬ್ಬಿಯೊಳಗಿಂದ ಬಂದಂತಿದ್ದರೆ ಆ ಸೆಟ್ಟನ್ನು ಅಲ್ಲಿಗೇ ಬಿಡಿ, ಹಾಡಿನಲ್ಲೂ ಅದೇ ದೋಷ ಕಾಡುತ್ತದೆ. ಆಮೇಲೆ ಮಂದ್ರ ಸ್ವರ ಹೆಚ್ಚಿರುವ ಹಾಡು. ಎರಡು ಇಂಚಿನ ಸ್ಪೀಕರ್‌ನಿಂದ 100 ಹರ್ಟ್ಸ್‌ಗಿಂತ ಕೆಳಗಿನ ನಾದ ಸರಿಯಾಗಿ ಬರುವುದು ಕಷ್ಟ, ಹಾಗಾಗಿ ಒಳಗಿನ ಸರ್ಕ್ಯೂಟ್ ಬೇಸನ್ನು (ಮಂದ್ರ ನಾದವನ್ನು) ಕೃತಕವಾಗಿ ಎತ್ತಿರುತ್ತದೆ. ವಾಲ್ಯೂಮ್ ಅರ್ಧದಿಂದ ಮುಕ್ಕಾಲಿಗೆ ಏರಿಸಿ. ಬೇಸ್ ತೆಳುವಾದರೆ ಅದು ಸ್ಪೀಕರನ್ನು ಕಾಪಾಡಲು ಸರ್ಕ್ಯೂಟ್ ವಹಿಸುವ ಎಚ್ಚರಿಕೆ, ದೋಷವಲ್ಲ. ಪಟಪಟ ಎಂದರೆ ಕೋನ್ (ಕಂಪಿಸಿ ಸದ್ದು ಹೊಮ್ಮಿಸುವ ಸ್ಪೀಕರ್‌ನ ಪೊರೆ) ತನ್ನ ಮಿತಿ ಮುಟ್ಟಿದೆ. ಝರ್ ಎಂಬ ಸದ್ದು ಬಂದರೆ ಮುಂದಿನ ಜಾಲರಿಯನ್ನು ಬೆರಳಲ್ಲಿ ಒತ್ತಿ: ನಿಂತರೆ ಜಾಲರಿಯೋ ಪೆಟ್ಟಿಗೆಯೋ ಸಡಿಲ, ನಿಲ್ಲದಿದ್ದರೆ ಕೋನ್ ಹರಿದಿರಬಹುದು.

ಹಾಡನ್ನು ನಡುವೆ ನಿಲ್ಲಿಸಿ, ಒಂದು ಅಡಿ ದೂರದಿಂದ ಆಲಿಸಿ. ಮಲಗುವ ಕೋಣೆಗಾದರೆ ಅಲ್ಲಿ ಕೇಳುವ ಸುಸ್ ಸದ್ದು ರಾತ್ರಿ ಕಿರಿಕಿರಿ ಮಾಡುತ್ತದೆ. ಎಡ-ಬಲದ ವಿಭಜನೆಗೆ ಹೆಚ್ಚು ಬೆಲೆ ಕೊಡಬೇಡಿ. ಎರಡು ಸ್ಪೀಕರ್‌ಗಳ ನಡುವೆ ಒಂದು ಗೇಣಿದ್ದರೆ, ಎರಡು ಮೀಟರ್ ದೂರದಲ್ಲಿ ಕೂತವರಿಗೆ ಸ್ಟೀರಿಯೊ ಇದ್ದೂ ಇಲ್ಲದಂತೆಯೇ. ಮನೆಯಲ್ಲಿ ಗೋಡೆಯಿಂದ 15–20 ಸೆಂ.ಮೀ. ಮುಂದೆ ಇಡಿ. ಮೂಲೆಗೆ ತಳ್ಳಿದರೆ ಬೇಸ್ ಗುಮ್ಮೆನ್ನುತ್ತದೆ.

ಕೊನೆಗೆ ಮತ್ತೆ ಹಾಡು ಹಾಕಿ, ಪ್ಲೇಯರನ್ನು ಮೆಲ್ಲಗೆ ಹಿಂದೆ ಮುಂದೆ ವಾಲಿಸಿ. ಕರಕರ ಎಂದರೆ ಪಿನ್ ಸವೆದಿದೆ ಅಥವಾ ಕೊಳೆಯಾಗಿದೆ. ಕೊಳೆಯಾದರೆ ವಿದ್ಯುತ್ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಮೆದು ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಬಳಸಿ. ಡಾಕ್‌ನ ಮೂಲ ವಿದ್ಯುತ್ ಅಡಾಪ್ಟರ್ ಕಳೆದಿದ್ದರೆ ಹೊಸದರ ವೋಲ್ಟೇಜೂ ಪಿನ್‌ನ ಪ್ಲಸ್-ಮೈನಸ್ಸೂ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಲಿ.

ಪ್ರಶ್ನೆ: ಡಾಕ್‌ನಲ್ಲಿ ಹಾಡು ಬರುತ್ತದೆ, ಆದರೆ ಐಪಾಡ್ ಟಚ್ (ಎರಡನೇ ತಲೆಮಾರು) ಚಾರ್ಜ್ ಆಗುವುದಿಲ್ಲ. ಏಕೆ?

ಉತ್ತರ: ಡಾಕ್ ಕೆಟ್ಟಿಲ್ಲದಿರಬಹುದು. 30 ಪಿನ್‌ಗಳ ಕನೆಕ್ಟರ್‌ನಲ್ಲಿ ಚಾರ್ಜಿಂಗ್‌ಗೆ ಎರಡು ದಾರಿಗಳಿದ್ದವು: ಫೈರ್‌ವೈರ್‌ನ (ಯುಎಸ್‌ಬಿಯಂತಹ ಹಳೆಯ ಕೇಬಲ್ ಸಂಪರ್ಕ) 12 ವೋಲ್ಟ್ ಮತ್ತು ಯುಎಸ್‌ಬಿಯ 5 ವೋಲ್ಟ್. 2008ರಲ್ಲಿ ಬಂದ ನಿಮ್ಮ ಮಾದರಿಯಲ್ಲೂ ನಾಲ್ಕನೇ ತಲೆಮಾರಿನ ನ್ಯಾನೊದಲ್ಲೂ ಫೈರ್‌ವೈರ್ ದಾರಿ ಕೈಬಿಡಲಾಯಿತು. ಅದಕ್ಕಿಂತ ಹಳೆಯ ಡಾಕ್‌ಗಳಲ್ಲಿ ಹಲವು ಆ ದಾರಿಯಲ್ಲಷ್ಟೇ ವಿದ್ಯುತ್ ಕೊಡುತ್ತವೆ. ಹಾಡಿಗೆ ಬೇರೆ ಪಿನ್‌ಗಳಿರುವುದರಿಂದ ಅದು ಬರುತ್ತಲೇ ಇರುತ್ತದೆ. ಚಾರ್ಜನ್ನು ಬೇರೆ ಚಾರ್ಜರ್‌ನಲ್ಲಿ ಮಾಡಿಕೊಳ್ಳಿ.

ಪ್ರಶ್ನೆ: 2012ರ ನಂತರದ ಐಪಾಡ್ ಈ ಡಾಕ್‌ಗಳಲ್ಲಿ ಕೂರುತ್ತದೆಯೇ?

ಉತ್ತರ: ನೇರವಾಗಿ ಇಲ್ಲ. ಏಳನೇ ತಲೆಮಾರಿನ ನ್ಯಾನೊ, ಐದನೇ ತಲೆಮಾರಿನ ಟಚ್ ಇವುಗಳಲ್ಲಿ 30 ಪಿನ್‌ಗಳದ್ದರ ಬದಲು ಲೈಟ್ನಿಂಗ್ ಎಂಬ ಚಿಕ್ಕ ತೂತು ಇದೆ. ಅದರಿಂದ ಅನಲಾಗ್ ಆಡಿಯೊ ಹೊರಬರುವುದಿಲ್ಲ, ಹಾಗಾಗಿ ಡಿಜಿಟಲ್ ಸಂಕೇತವನ್ನು ಅನಲಾಗ್‌ಗೆ ಬದಲಿಸುವ ಚಿಪ್ ಇರುವ ಅಡಾಪ್ಟರ್ ಬೇಕು. ಅಗ್ಗದವು ಚಾರ್ಜ್ ಮಾಡಿ ಸುಮ್ಮನಾಗುತ್ತವೆ. ಅಡಾಪ್ಟರ್ ಮೇಲೆ ಪ್ಲೇಯರ್ ಎತ್ತರಕ್ಕೆ ನಿಲ್ಲುವುದರಿಂದ ಡಾಕ್‌ನ ಪಿನ್‌ಗೆ ಎಳೆತವೂ ಹೆಚ್ಚು. ನಮ್ಮ ಸಲಹೆ: ಡಾಕ್‌ನ ಹಿಂಬದಿ ಆಕ್ಸ್ ತೂತು (ಬೇರೆ ಸಾಧನದ ಆಡಿಯೊ ಒಳಬರುವ ತೂತು) ಇದ್ದರೆ 3.5 ಮಿ.ಮೀ. ಕೇಬಲ್ ಬಳಸಿ. ಪ್ಲೇಯರ್ ವಾಲ್ಯೂಮ್ ಶೇ. 80ರ ಆಸುಪಾಸಿನಲ್ಲಿ ನಿಲ್ಲಿಸಿ, ಏರಿಳಿತವನ್ನು ಡಾಕ್‌ನಲ್ಲಿ ಮಾಡಿ.

ಆಕ್ಸ್‌ನಲ್ಲಿ ಗುಂಯ್ ಎಂದರೆ ಪ್ಲೇಯರ್‌ನ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್ (ಎರಡು ಸಾಧನಗಳ ಗ್ರೌಂಡ್ ಸಂಪರ್ಕಗಳು ಸೇರಿ ಹುಟ್ಟುವ ಗದ್ದಲ), ಬ್ಯಾಟರಿಯಲ್ಲೇ ನಡೆಸಿ ಅಥವಾ ಕೇಬಲ್ ನಡುವೆ ಅದನ್ನು ತಡೆಯುವ ಐಸೊಲೇಟರ್ ಹಾಕಿ. ಪ್ಲೇಯರ್ ಜೋಡಿಸದೆಯೂ ಗುಂಯ್ ಇದ್ದರೆ ಮೊದಲು ಡಾಕ್‌ನ ವಿದ್ಯುತ್ ಅಡಾಪ್ಟರ್ ಬದಲಿಸಿ. ಆಗಲೂ ಹೋಗದಿದ್ದರೆ ಒಳಗಿನ ಕೆಪಾಸಿಟರ್ ಒಣಗಿರುವ ಸಂಭವ ಹೆಚ್ಚು, ಅದನ್ನು ರಿಪೇರಿಯವರೇ ತೆರೆದು ನೋಡಲಿ.